ಕೋಳಿ ಮುಚ್ಚುವ ಹೊತ್ತು

ಗಂಟೆ ಹೊಡೆದ ಎರಡು ನಿಮಿಷದೊಳಗೆ ಅರವತ್ತು ಮಕ್ಕಳನ್ನು ತರಗತಿಯೊಳಗೆ ಕೂರಿಸುವುದು ನನಗೆ ದೊಡ್ಡ ವಿಷಯವಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ಕಾಂಪೌಂಡು ಹಾರಿದವರನ್ನು ಹಿಡಿದು ತಂದಿದ್ದೇನೆ, ಹುಣಿಸೆ ಮರ ಹತ್ತಿ ಕೂತವರನ್ನು ಬರೀ ನೋಟದಲ್ಲೇ ಕೆಳಗಿಳಿಸಿದ್ದೇನೆ. ಅಂಥ ನನ್ನನ್ನು ಹನ್ನೆರಡು ಕೋಳಿಮರಿಗಳು ಮುಸ್ಸಂಜೆಯ ಹೊತ್ತಿಗೆ ಸರಿಯಾಗಿ ಅಂಗಳದ ತುಂಬ ಓಡಾಡಿಸಿ, ಸೀರೆಯ ನಿರಿಗೆಯನ್ನೆಲ್ಲ ಕೆಸರು ಮಾಡಿಸಿ, ಕೊನೆಗೆ ಸೀಬೆಮರದ ಕೊಂಬೆಯ ಮೇಲೆ ಸಾಲಾಗಿ ಕೂತು ತಮಾಷೆ ನೋಡಿದವು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, “ಏನ್ ಮೇಡಂ, ಸ್ಪೆಷಲ್ ಕ್ಲಾಸಾ?” ಎಂದು ಕೇಳಿದರು.

ಸಂಜೆಯಾದರೆ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ ಎಂದು ನಾನು ತಿಳಿದಿದ್ದೆ. ನೀವೂ ಹಾಗೆಯೇ ತಿಳಿದಿರಬಹುದು. ಚಿಕ್ಕಂದಿನಲ್ಲಿ ಹಳ್ಳಿಯ ಮನೆಗಳಲ್ಲಿ ನೋಡಿದ್ದು ಹಾಗೆಯೇ. ಹೊತ್ತು ಇಳಿಯುತ್ತಿದ್ದಂತೆ ಹೇಂಟೆ ಗೊರಗೊರ ಎನ್ನುತ್ತ ಮುಂದೆ, ಪಿಳ್ಳೆಗಳು ಅದರ ಹಿಂದೆ. ಆದರೆ ಅದು ತಾಯಿ ಇದ್ದ ಮರಿಗಳ ಮಾತು. ಮೆಷಿನ್ನಿನ ಕಾವಿನಲ್ಲಿ ಇಪ್ಪತ್ತೊಂದು ದಿನ ಕಳೆದು ಮೊಟ್ಟೆಯೊಡೆದು ರಟ್ಟಿನ ಡಬ್ಬಿಯಲ್ಲಿ ಮನೆಗೆ ಬಂದ ಮರಿಗಳಿಗೆ ಮುಂದೆ ನಡೆದು ತೋರಿಸುವವರು ಯಾರು? ಕತ್ತಲಾದೊಡನೆ ಎತ್ತರದ ಜಾಗ ಹುಡುಕಬೇಕೆಂಬುದು ಮಾತ್ರ ಅವುಗಳ ರಕ್ತದಲ್ಲಿದೆ. ಕೋಳಿಗಳ ಮೂಲಪುರುಷನಾದ ಕೆಂಪು ಕಾಡುಕೋಳಿ ರಾತ್ರಿ ಮರದ ಮೇಲೆ ಕೂರುತ್ತದೆ, ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯೂ ಅಷ್ಟೆ. ಎತ್ತರವೇನೋ ಗೊತ್ತು, ಮನೆ ಗೊತ್ತಿಲ್ಲ. ಮನೆಯನ್ನು ಕಲಿಸಬೇಕು.

ಕೋಳಿ ಸಾಕುವ ಆಸೆ ನನಗೆಂದೂ ಇರಲಿಲ್ಲ. ಚನ್ನರಾಯಪಟ್ಟಣದ ಬಡಾವಣೆಯೊಂದರಲ್ಲಿ ಮನೆ ಕಟ್ಟಿದಾಗ ಹಿತ್ತಲಿಗೆಂದು ಬಿಟ್ಟ ಜಾಗದಲ್ಲಿ ಸೀಬೆ, ನುಗ್ಗೆ, ಎರಡು ಕನಕಾಂಬರದ ಗಿಡ ಬೆಳೆದಿದ್ದವು. ನನಗೆ ಅಷ್ಟು ಸಾಕಾಗಿತ್ತು. ಕೋಳಿ ಬಂದದ್ದು ನಮ್ಮ ಅತ್ತೆಯವರ ದೆಸೆಯಿಂದ.

ಅತ್ತೆಯವರು ಹೇಮಾವತಿ ದಡದ ಹಳ್ಳಿಯೊಂದಕ್ಕೆ ಹದಿನಾರನೆಯ ವಯಸ್ಸಿಗೆ ಸೊಸೆಯಾಗಿ ಬಂದವರು. ಗೊರೂರಿನಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ನೀರು ಹಿಂದಕ್ಕೆ ಸರಿಯುತ್ತ ಸರಿಯುತ್ತ ಹಲವು ಊರುಗಳ ಮೇಲೆ ನಿಂತಿತು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಶೆಟ್ಟಿಹಳ್ಳಿಯ ಇಗರ್ಜಿಯ ಚಿತ್ರವನ್ನು ನೀವು ನೋಡಿರಬಹುದು. ಅದು ದೊಡ್ಡ ಕಟ್ಟಡ, ಇನ್ನೂ ಒಂದಿಷ್ಟು ಉಳಿದಿದೆ. ಮಣ್ಣಿನ ಗೋಡೆಯ ಹೆಂಚಿನ ಮನೆ ಎಷ್ಟು ದಿನ ನಿಂತೀತು? ಅತ್ತೆಯವರ ಮನೆ ಹೋಯಿತು. ಪರಿಹಾರವೆಂದು ಸಿಕ್ಕ ನೆಲದಲ್ಲಿ ಹೊಸ ಮನೆ ಕಟ್ಟಿ, ಮೂರು ಮಕ್ಕಳನ್ನು ಓದಿಸಿ, ನಮ್ಮ ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದರು.

2020ರ ಹೊತ್ತಿಗೆ ಅವರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಒಲೆಯ ಮೇಲಿಟ್ಟ ಹಾಲು, ಆಮೇಲೆ ಮೊಮ್ಮಕ್ಕಳ ಹೆಸರು. ಒಂದು ದಿನ ನಾನು. “ಟೀಚರಮ್ಮ, ನೀವು ಊಟ ಮಾಡಿದ್ರಾ?” ಎಂದು ಕೇಳಿದರು. ಇಪ್ಪತ್ತೈದು ವರ್ಷ ನನ್ನನ್ನು ‘ನೀನು, ಬಾರವ್ವ, ಹೋಗವ್ವ’ ಎಂದವರು ಬಹುವಚನಕ್ಕೆ ಹೋದರು. ಶಾಲೆಯಲ್ಲಿ ದಿನವೂ ಕೇಳುವ ‘ನೀವು’ ಅಂದು ನನ್ನ ಎದೆಗೆ ಚುಚ್ಚಿತು.

ಹಗಲೆಲ್ಲ ಹೇಗೋ ಕಳೆಯುತ್ತಿತ್ತು. ಕಷ್ಟವಿದ್ದದ್ದು ಸಂಜೆ. ಐದೂವರೆ ದಾಟಿತೆಂದರೆ ಅವರಿಗೆ ಕೂತಲ್ಲಿ ಕೂರಲಾಗದು. ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೂ ಗೇಟಿಗೂ ಓಡಾಟ. “ಹೊತ್ತಾಯ್ತು, ಮನೆಗ್ಹೋಗ್ಬೇಕು, ಬಿಡಿ ನನ್ನ.” ಡಾಕ್ಟರು ಇದು ಈ ಕಾಯಿಲೆಯವರಲ್ಲಿ ಬಹಳ ಮಂದಿಗೆ ಆಗುವುದೇ ಎಂದರು. ಕತ್ತಲಾಗುವ ಮೊದಲೇ ಮನೆಯ ದೀಪಗಳನ್ನೆಲ್ಲ ಹಾಕಿ, ಮಧ್ಯಾಹ್ನ ಹೆಚ್ಚು ಮಲಗಲು ಬಿಡಬೇಡಿ, ದಿನವೂ ಒಂದೇ ಹೊತ್ತಿಗೆ ಒಂದೇ ಕೆಲಸ ಇರಲಿ, ವಾದ ಮಾಡಬೇಡಿ ಎಂದರು.

ಮೊದಲ ಮೂರನ್ನು ಮಾಡಿದೆ. ನಾಲ್ಕನೆಯದು ಆಗಲಿಲ್ಲ. ತಪ್ಪು ಉತ್ತರ ಕಿವಿಗೆ ಬಿದ್ದರೆ ತಿದ್ದದೆ ಇರಲಾರದ ಕಸುಬು ನಮ್ಮದು. “ಅತ್ತೆ, ಯಾವ ಮನೆ? ಆ ಮನೆ ನೀರಿನಲ್ಲಿ ಮುಳುಗಿ ನಲವತ್ತು ವರ್ಷವಾಯಿತಲ್ಲ” ಎಂದು ಒಂದು ಸಂಜೆ ಹೇಳಿಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. “ಮುಳುಗ್ತಾ?” ಎಂದರು. ಆಗತಾನೆ ಸುದ್ದಿ ಬಂದವರ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಮರುದಿನ ಮತ್ತೆ ಮನೆಗೆ ಹೋಗಬೇಕೆಂದರು, ನಾನು ಮತ್ತೆ ಸರಿ ಉತ್ತರ ಹೇಳಿದೆ, ಅವರು ಮತ್ತೆ ಅತ್ತರು. ಹೀಗೆ ಎಷ್ಟು ಸಂಜೆ ಅವರ ಮನೆಯನ್ನು ನಾನು ಮುಳುಗಿಸಿದೆನೋ ಲೆಕ್ಕವಿಲ್ಲ. ಬರೆಯುವಾಗ ಈಗಲೂ ಕೈ ತಡೆಯುತ್ತದೆ.

2022ರ ಏಪ್ರಿಲ್. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆಂದು ದಿನವೂ ಹಾಸನಕ್ಕೆ ಹೋಗಿಬರುತ್ತಿದ್ದೆ. ಒಂದು ದಿನ ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಏಳು ಗಂಟೆ. ಗೇಟು ತೆರೆದಿತ್ತು. ಕೆಲಸದಾಕೆ ಐದಕ್ಕೇ ಹೋಗಿದ್ದಳು. ನಮ್ಮ ಯಜಮಾನರು ಹಾಲು ತರಲೆಂದು ಹೋಗಿ ಬರುವ ಹತ್ತು ನಿಮಿಷದಲ್ಲಿ ಅತ್ತೆ ಇಲ್ಲ. ನಾವಿಬ್ಬರೂ ಒಂದೊಂದು ದಿಕ್ಕಿಗೆ ಓಡಿದೆವು. ಗುರುತಿನ ತರಕಾರಿ ಗಾಡಿಯವರೊಬ್ಬರು ಕೆರೆ ಏರಿಯ ಕಡೆ ಕೈ ತೋರಿಸಿದರು. ನೀರು ಕಂಡ ಕಡೆಗೆ ಅವರ ಕಾಲು ನಡೆದಿತ್ತು. ಏರಿಯ ಮೇಲೆ ಬರಿಗಾಲಲ್ಲಿ ನಿಂತು ನೀರನ್ನು ನೋಡುತ್ತಿದ್ದರು. ಓಡಿಹೋಗಿ ತೋಳು ಹಿಡಿದುಕೊಂಡೆ. ಬೈಯಬೇಕೆಂದಿದ್ದ ಮಾತು ಬಾಯಲ್ಲೇ ಇತ್ತು. ಅಷ್ಟರಲ್ಲಿ ಅವರೇ ಹೇಳಿದರು:

“ಕೋಳಿ ಮುಚ್ಚಿಲ್ಲ ಕಣವ್ವ. ಕತ್ಲಾಗೋಯ್ತು.”

ಎರಡು ವರ್ಷದಿಂದ ಮನೆ ಮನೆ ಎಂದು ಹಂಬಲಿಸಿದ್ದು ಇದಕ್ಕೆ! ಆ ಮನೆಯಲ್ಲಿ ಸಂಜೆಯ ಕೊನೆಯ ಕೆಲಸ ಅದು. ದನ ಕಟ್ಟಿ, ದೀಪ ಹಚ್ಚಿ, ಕೋಳಿ ಮುಚ್ಚಿದ ಮೇಲೆಯೇ ಹೆಂಗಸರು ಒಲೆಯ ಮುಂದೆ ಕೂರುವುದು. ನಾನು ಊರಿನ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆ. ಅವರು ಕೇಳುತ್ತಿದ್ದದ್ದು ಕೋಳಿಯನ್ನು.

ಮೇ ತಿಂಗಳಲ್ಲಿ ಹನ್ನೆರಡು ಗಿರಿರಾಜ ಮರಿಗಳು ಬಂದವು. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಲಲ್ಲಿ ಸಾಕುವುದಕ್ಕೆಂದೇ ರೂಪಿಸಿದ ತಳಿ ಇದು. ಮೈಬಣ್ಣ ನಾಟಿ ಕೋಳಿಯ ಹಾಗೆಯೇ ಬಗೆಬಗೆ, ಗಾತ್ರ ಮಾತ್ರ ದೊಡ್ಡದು. ಮೊದಲ ವಾರಗಳಲ್ಲಿ ರಟ್ಟಿನ ಪೆಟ್ಟಿಗೆಯ ಮೇಲೆ ಅರವತ್ತು ವಾಟಿನ ಬಲ್ಬೇ ಅವುಗಳ ತಾಯಿ. ಚಳಿಯಾದರೆ ಬಲ್ಬಿನ ಕೆಳಗೆ ಒತ್ತಿಕೊಂಡು ಕೂರುತ್ತವೆ, ಸೆಕೆಯಾದರೆ ಮೂಲೆ ಸೇರುತ್ತವೆ. ಅದನ್ನು ನೋಡಿ ಬಲ್ಬನ್ನು ಏರಿಸುವುದು, ಇಳಿಸುವುದು. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲೇ ಕಣ್ಣಿಗೆ ಲಸಿಕೆಯ ಹನಿ ಹಾಕಿಸಿದೆವು. ಒಂದೂವರೆ ತಿಂಗಳಿಗೆ ರೆಕ್ಕೆ ಬಲಿತು, ಜೂನ್ ಕೊನೆಯ ಹೊತ್ತಿಗೆ ಹೊರಗಿನ ಗೂಡಿಗೆ ಹಾಕುವಂತಾದವು. ನೆಲದಿಂದ ಎರಡಡಿ ಮೇಲೆ ನಿಲ್ಲುವಂತೆ ಬಡಗಿಯಿಂದ ಮರದ ಗೂಡು ಮಾಡಿಸಿದ್ದೆವು. ಮುಂದೆ ಜಾಲರಿ, ಮೇಲೆ ತಗಡು, ಹತ್ತಲು ಒಂದು ಓರೆ ಹಲಗೆ, ಒಳಗೆ ಕೂರಲು ಎರಡು ಅಡ್ಡಪಟ್ಟಿ. ನಾನು ಬೆಳಗ್ಗೆಯೇ ಮರಿಗಳನ್ನು ಅಂಗಳಕ್ಕೆ ಬಿಟ್ಟು, ಸಂಜೆ ಗೂಡಿನ ಬಾಗಿಲು ತೆರೆದಿಟ್ಟು, ಒಳಗೆ ಹೋಗಲಿ ಎಂದು ಕಾದೆ.

ಆಮೇಲೆ ಏನಾಯಿತೆಂದು ಮೊದಲೇ ಹೇಳಿದ್ದೇನೆ. ಕೋಲು ಹಿಡಿದು ಅಟ್ಟಿದಷ್ಟೂ ಚದುರಿದವು. ಒಂದನ್ನು ಹಿಡಿದು ಒಳಗೆ ಹಾಕಿ ಇನ್ನೊಂದಕ್ಕೆ ತಿರುಗಿದರೆ ಮೊದಲನೆಯದು ಹೊರಗೆ. ನಾಲ್ಕನೆಯ ಸಂಜೆ ಜಡಿಮಳೆ. ಎರಡು ಮರಿಗಳು ಸೀಬೆಮರದ ತುದಿಯಲ್ಲಿದ್ದವು, ಏಣಿಗೂ ಎಟುಕಲಿಲ್ಲ. ಒಂದು ರಾತ್ರಿ ತಾನೆ, ಇರಲಿ ಎಂದು ಒಳಗೆ ಬಂದು ಮಲಗಿದೆ. ಬೆಳಗ್ಗೆ ಮರದ ಬುಡದಲ್ಲಿ ಪುಕ್ಕ ಮಾತ್ರ ಇತ್ತು. ಕಾಡುಬೆಕ್ಕಿನ ಕೆಲಸವಿರಬೇಕು. ಹತ್ತು ಉಳಿದವು. ಆ ಪುಕ್ಕಗಳನ್ನು ಅತ್ತೆ ಏಳುವ ಮೊದಲೇ ಗುಡಿಸಿ ಹಾಕಿದೆ.

ಬಿ.ಎಡ್. ಓದಿದವರಿಗೆಲ್ಲ ಥಾರ್ನ್‌ಡೈಕ್ ಗೊತ್ತು. ಪೆಟ್ಟಿಗೆಯಲ್ಲಿ ಕೂಡಿದ ಬೆಕ್ಕು ಅಗುಳಿ ತೆಗೆಯುವುದನ್ನು ಕಲಿತ ಕಥೆ ಬರೆಯದೆ ನಮ್ಮಲ್ಲಿ ಯಾರೂ ಪಾಸಾಗಿಲ್ಲ. ಆದರೆ ಅಮೆರಿಕದ ಆ ಮಹಾಶಯರು ಬೆಕ್ಕಿಗೆ ಮೊದಲು ಪಾಠ ಹೇಳಿದ್ದು ಕೋಳಿಮರಿಗಳಿಗೆ. ಪುಸ್ತಕಗಳನ್ನು ಗೋಡೆಯಂತೆ ನಿಲ್ಲಿಸಿ ಓಣಿ ಮಾಡಿ, ಮರಿಗಳು ಹೊರದಾರಿಯನ್ನು ಹೇಗೆ ಕಲಿಯುತ್ತವೆಂದು ನೋಡಿದರು. ಬಾಡಿಗೆ ಮನೆಯ ಒಡತಿ ಕೋಳಿ ಇಡಕೂಡದೆಂದಾಗ ಅವರ ಗುರು ವಿಲಿಯಂ ಜೇಮ್ಸ್ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಜಾಗ ಕೊಟ್ಟರಂತೆ. ಆ ಕಲಿಕೆಯನ್ನೆಲ್ಲ ಸೇರಿಸಿ ಅವರ ಪ್ರಬಂಧ ಬಂದದ್ದು 1898ರಲ್ಲಿ. ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ ಎಂದು ನಾವು ಬಾಯಿಪಾಠ ಮಾಡಿದ್ದು ಇವರದ್ದನ್ನೇ. ಹಿತ್ತಲಿನಲ್ಲಿ ಕೋಲು ಹಿಡಿದು ನಿಂತಾಗ ಅದರಲ್ಲಿ ಒಂದೂ ನನಗೆ ನೆನಪಾಗಲಿಲ್ಲ.

ಐದನೆಯ ಸಂಜೆ ಅತ್ತೆ ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತು ನನ್ನ ಓಟವನ್ನು ನೋಡುತ್ತಿದ್ದರು. ಎಷ್ಟು ಹೊತ್ತು ನೋಡಿದರೋ, ಇದ್ದಕ್ಕಿದ್ದಂತೆ ಗದರಿದರು.

“ಕೋಲು ಬಿಸಾಕೇ. ಕೋಲು ಹಿಡ್ದೋರ ತಾವ ಯಾವ ಜೀವ ಬತ್ತದೆ?”

ಕೋಲು ತಾನಾಗಿ ಕೈಯಿಂದ ಬಿತ್ತು. ಎಷ್ಟೋ ತಿಂಗಳ ಮೇಲೆ ಅತ್ತೆ ನನ್ನನ್ನು ಏಕವಚನದಲ್ಲಿ ಬೈದಿದ್ದರು.

“ಒಳಗೆ ಗವ್ವನ್ನೋ ಕತ್ಲೆ. ಆ ಕತ್ಲೆಗೆ ನೀನು ಹೋಗ್ತೀಯಾ? ಒಂದು ಬುಡ್ಡಿ ದೀಪ ಇಡು. ಹೊಟ್ಟೆ ತುಂಬ ಮೇಯಿಸಿ ಬಾ ಅಂದ್ರೆ ಬಂದಾವಾ? ಮೊದ್ಲು ಮೂರು ನಾಕು ದಿನ ಮುಚ್ಚಾಕು. ಇದು ನಮ್ಮನೆ ಅಂತ ಅವಕ್ಕೆ ತಿಳೀಬೇಕಲ್ಲ. ನೀರು ಬಂದು ಹೊಸೂರಿಗೆ ಹೋದ್ವಲ್ಲ, ಆವಾಗ ಮಂಕರೀಲಿ ಹನ್ನೊಂದು ಕೋಳಿ ಹೊತ್ಕೊಂಡು ಹೋಗಿದ್ದೆ. ಒಂದು ವಾರ ಹೊರಗೆ ಬಿಡ್ಲಿಲ್ಲ. ಬಿಟ್ಟಿದ್ರೆ ಹಳೇ ಮನೆ ಹುಡುಕ್ಕೊಂಡು ಹೋಗ್ಬಿಡವು.”

ನಾನು ಉಸಿರು ಬಿಗಿಹಿಡಿದು ನಿಂತೆ. ‘ನೀರು ಬಂದು’ ಎಂದು ಅವರೇ ಹೇಳಿದ್ದರು. ಅಳಲಿಲ್ಲ. ನಾನು ಹೇಳಿದಾಗಲೆಲ್ಲ ಹೊಸ ಸಾವಿನ ಹಾಗೆ ಎರಗುತ್ತಿದ್ದ ಅದೇ ಸಂಗತಿ ಕೋಳಿಯ ಮಾತಿನ ನಡುವೆ ಸುಮ್ಮನೆ ಬಂದು ಹೋಗಿತ್ತು. ಮರುಗಳಿಗೆಗೆ, “ನಿಮ್ಮೂರು ಯಾವ್ದು ಟೀಚರಮ್ಮ?” ಎಂದರು. ಇರಲಿ, ಅಷ್ಟು ಹೊತ್ತಾದರೂ ಅವರು ನನ್ನ ಅತ್ತೆಯಾಗಿದ್ದರು.

ಅವರು ಹೇಳಿದಂತೆಯೇ ಮಾಡಿದೆ. ಆ ರಾತ್ರಿ ಎಲ್ಲವೂ ಕೊಂಬೆಗಳ ಮೇಲೆ ಕೂತು ಮಂಕಾದ ಮೇಲೆ ಒಂದೊಂದನ್ನೇ ಇಳಿಸಿ ಗೂಡಿಗೆ ಹಾಕಿದೆವು. ಕೋಳಿಗೆ ಹಗಲಿನಲ್ಲಿ ಕಣ್ಣು ಬಲು ಚುರುಕು, ಇರುಳಿನಲ್ಲಿ ಹೆಚ್ಚೇನೂ ಕಾಣದು. ಆದ್ದರಿಂದ ಕತ್ತಲಲ್ಲಿ ಹಿಡಿದರೆ ಗಲಾಟೆಯಿಲ್ಲ. ಐದು ದಿನ ಗೂಡಿನೊಳಗೇ ಊಟ, ನೀರು, ನಿದ್ದೆ. ಆರನೆಯ ದಿನ ಕತ್ತಲಿಗೆ ಒಂದು ಗಂಟೆ ಮುಂಚೆ, ಮಧ್ಯಾಹ್ನದಿಂದ ಕಾಳು ಹಾಕದೆ, ಹಸಿದ ಹೊಟ್ಟೆಯಲ್ಲಿ ಹೊರಗೆ ಬಿಟ್ಟೆವು. ದೂರ ಹೋಗುವಷ್ಟು ಹೊತ್ತಿಲ್ಲ, ಹಸಿವು ಬೇರೆ. ಬುಡ್ಡಿ ದೀಪದಿಂದ ಹುಲ್ಲಿಗೆ ಬೆಂಕಿ ತಗಲೀತೆಂದು ಗೂಡಿನೊಳಗೆ ಒಂದು ಪುಟ್ಟ ಬಲ್ಬು ಕಟ್ಟಿದ್ದೆವು. ಹೊರಗೆ ಬೆಳಕು ಇಳಿಯುತ್ತಿದ್ದಂತೆ ಆ ಬಾಗಿಲು ಒಂದೇ ಹೊಳೆಯತೊಡಗಿತು. ಅತ್ತೆ ಮೊರದಲ್ಲಿ ಅಕ್ಕಿನುಚ್ಚು ಹಿಡಿದು ಗೂಡಿನ ಪಕ್ಕ ನಿಂತು, “ಬಾ ಬ್ಬಬ್ಬಬ್ಬ” ಎಂದು ಕರೆದರು. ಮೊರದ ಅಂಚಿಗೆ ಉಗುರಿನಿಂದ ಟಕಟಕ ಎಂದು ತಟ್ಟಿದರು. ಆ ಸದ್ದಿನಲ್ಲಿ ಅರವತ್ತು ವರ್ಷದ ಅಭ್ಯಾಸವಿತ್ತು.

ನಾಲ್ಕು ಮರಿಗಳು ಹಲಗೆ ಹತ್ತಿದವು. ಎರಡು ಅವನ್ನು ನೋಡಿ ಹಿಂದೆ ಹೋದವು. ಉಳಿದ ನಾಲ್ಕನ್ನು ಎತ್ತಿ ಹಾಕಬೇಕಾಯಿತು. ಮರುದಿನ ಏಳು, ಅದರ ಮರುದಿನ ಏಳೇ. ನಡುವೆ ಒಂದು ದಿನ ನೆಂಟರು ಬಂದು ನುಚ್ಚಿನ ಹೊತ್ತು ತಪ್ಪಿದ್ದಕ್ಕೆ ಮತ್ತೆ ಐದು ಮರದ ಮೇಲೆ. ಹೊತ್ತು ತಪ್ಪಬಾರದು, ಕರೆಯುವ ದನಿ ಬದಲಾಗಬಾರದು, ಬಾಗಿಲು ಎಂದೂ ಇದ್ದ ಕಡೆಯೇ ಇರಬೇಕು, ಇಷ್ಟೇ ವಿದ್ಯೆ. ಎರಡು ವಾರ ಕಳೆಯುವಷ್ಟರಲ್ಲಿ ಎಲ್ಲವೂ ತಾವಾಗಿಯೇ ಒಳಗೆ ಹೋಗಿ, ಒಳ್ಳೆಯ ಜಾಗಕ್ಕೆ ಕುಕ್ಕಾಡಿ, ಅಡ್ಡಪಟ್ಟಿಯ ಮೇಲೆ ಕೂರತೊಡಗಿದವು. ಕುಂಟುತ್ತಿದ್ದ ಒಂದು ಮಾತ್ರ ಹಲಗೆಯ ಕೆಳಗೆ ನಿಂತು ಕೂಗುತ್ತಿತ್ತು. ಅದನ್ನು ಅತ್ತೆ ಸೆರಗಿನಲ್ಲಿ ಸುತ್ತಿ ಎತ್ತಿಡುವರು. ಆಮೇಲೆ ಬಲ್ಬು ಆರಿಸಿ ಬಾಗಿಲು ಹಾಕಿ ಅಗುಳಿ ಜಗ್ಗಿ ನೋಡುವರು. “ಆಯ್ತು” ಎಂದು ಸೊಂಟಕ್ಕೆ ಕೈ ಒರೆಸಿಕೊಂಡು ಒಳಗೆ ಬಂದು ಕೂರುವರು. ಮನೆಗೆ ಹೋಗುವ ಮಾತಿಲ್ಲ. ನಮ್ಮ ಯಜಮಾನರು ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತಿರುತ್ತಿದ್ದರು. ಪೇಪರಿನ ಹಿಂದೆ ಕಣ್ಣು ಒರೆಸಿಕೊಳ್ಳುತ್ತಿದ್ದುದು ನನಗೆ ಗೊತ್ತಿಲ್ಲವೆಂದು ಅವರ ಎಣಿಕೆ.

ಇದರಿಂದ ಕಾಯಿಲೆ ವಾಸಿಯಾಯಿತೆಂದು ಯಾರೂ ತಿಳಿಯಬಾರದು. ಕೆಲವು ಸಂಜೆ ಕೋಳಿ ಇದ್ದರೂ ಅವರು ಗೇಟು ಹಿಡಿದು ಅತ್ತದ್ದುಂಟು. ಇನ್ನು ಕೆಲವು ಸಂಜೆ ಎಣಿಸುವಾಗ ತೊಡಕು. ಬೆರಳು ಮಡಚಿ ಎಣಿಸುವರು, ಹತ್ತಕ್ಕೆ ನಿಲ್ಲುವರು. “ಇನ್ನೊಂದೆಲ್ಲಿ? ಹನ್ನೊಂದು ಇರ್ಬೇಕಲ್ಲ.” ಮಂಕರಿಯಲ್ಲಿ ಹೊತ್ತು ತಂದ ಹನ್ನೊಂದು! ಮೊದಲ ದಿನ ನನ್ನ ನಾಲಿಗೆಯ ತುದಿಗೆ ಸರಿ ಉತ್ತರ ಬಂದುಬಿಟ್ಟಿತ್ತು: ಹತ್ತೇ ಅತ್ತೆ, ನಾವು ತಂದದ್ದೇ ಹನ್ನೆರಡು, ಎರಡು ಹೋದವು. ಕೆರೆ ಏರಿ ನೆನಪಾಯಿತು. ಟಾರ್ಚು ತಂದೆ. ಇಬ್ಬರೂ ನುಗ್ಗೆಮರದ ಬುಡ, ಕನಕಾಂಬರದ ಸಂದು, ನೀರಿನ ತೊಟ್ಟಿಯ ಹಿಂದೆ ಎಲ್ಲ ಹುಡುಕಿದೆವು. ಆಮೇಲೆ ನಾನು ಗೂಡಿನೊಳಗೆ ಬಗ್ಗಿ ನೋಡಿ, “ಇಲ್ಲೇ ಇದೆ ಅತ್ತೆ, ಮೂಲೆಯಲ್ಲಿ. ಆಗಲೇ ಬಂದು ಮಲಗಿಬಿಟ್ಟಿದೆ” ಎಂದೆ.

“ಬಂತಾ? ಸದ್ಯ” ಎಂದರು.

ಮಕ್ಕಳ ಉತ್ತರ ಪತ್ರಿಕೆಯಲ್ಲಿ ಅರ್ಧ ಅಂಕವನ್ನೂ ಹೆಚ್ಚಿಗೆ ಕೊಡದ ನಾನು ಅಂದಿನಿಂದ ಎಷ್ಟೋ ಸಂಜೆ ಹತ್ತನ್ನು ಹನ್ನೊಂದೆಂದು ಒಪ್ಪಿಸಿದ್ದೇನೆ. ಅದಕ್ಕಾಗಿ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. ಪಶ್ಚಾತ್ತಾಪವಿರುವುದು ಅದಕ್ಕೆ ಮೊದಲು ಹೇಳಿದ ನಿಜಗಳಿಗೆ.

ಮರುವರ್ಷದ ಮಳೆಗಾಲಕ್ಕೆ ಅವರಿಗೆ ಮೆಟ್ಟಿಲಿಳಿಯಲು ಆಗದಾಯಿತು. ಹಾಸಿಗೆಯ ಪಕ್ಕದ ಕಿಟಕಿಯಿಂದ ಕಾಣುವಂತೆ ಗೂಡನ್ನು ತಿರುಗಿಸಿ ಇಟ್ಟೆವು. ಬಾಗಿಲಿನ ದಿಕ್ಕು ಬದಲಾದ್ದಕ್ಕೆ ಕೋಳಿಗಳು ಮೂರು ದಿನ ಹಳೆಯ ಮೂಲೆಯಲ್ಲೇ ಸುತ್ತಿದವು, ಮತ್ತೆ ಕಲಿತವು. ನಾನು ಮೊರ ತಟ್ಟುವುದು, ಅತ್ತೆ ಕಿಟಕಿಯಿಂದ ತುಟಿಯಲ್ಲೇ ಎಣಿಸುವುದು. ಬಲ್ಬು ಆರಿದ ಮೇಲೆ ಕಣ್ಣು ಮುಚ್ಚುತ್ತಿದ್ದರು. 2024ರ ಜನವರಿಯಲ್ಲಿ ಒಂದು ನಸುಕಿನಲ್ಲಿ ಹೋದರು. ಆ ಸಂಜೆ ಮನೆಯ ತುಂಬ ಜನ, ಯಾರಿಗೂ ಕೋಳಿಯ ನೆನಪಿಲ್ಲ. ರಾತ್ರಿ ಎಂಟಕ್ಕೆ ನೆನಪಾಗಿ ಹಿತ್ತಲಿಗೆ ಓಡಿದೆ. ದೀಪವಿಲ್ಲದಿದ್ದರೂ, ಯಾರೂ ಕರೆಯದಿದ್ದರೂ, ಎಲ್ಲವೂ ಒಳಗಿದ್ದವು. ಬಾಗಿಲು ಹಾಕಿ ಅಗುಳಿ ಜಗ್ಗಿ ನೋಡಿದೆ.

ಅವುಗಳಲ್ಲಿ ಈಗ ಮೂರು ಉಳಿದಿವೆ. ಅವುಗಳ ಜೊತೆಗೆ ಬಂದ ಹೊಸ ಮರಿಗಳಿಗೆ ನಾನು ಏನೂ ಕಲಿಸಬೇಕಾಗಲಿಲ್ಲ, ಹಳೆಯ ಹೇಂಟೆಗಳೇ ಮುಂದೆ ನಡೆದು ತೋರಿಸಿದವು. ಹೋದ ತಿಂಗಳು ಹಾಸನದಲ್ಲಿ ನೆಂಟರ ಮನೆಯ ಆರತಕ್ಷತೆ. ಊಟಕ್ಕೆ ಇನ್ನೂ ಹೊತ್ತಿತ್ತು, ಮಾತು ಚೆನ್ನಾಗಿ ಸಾಗಿತ್ತು. ಕಲ್ಯಾಣಮಂಟಪದ ಕಿಟಕಿಯ ಆಚೆ ಬೆಳಕು ಇಳಿಯುವುದು ಕಂಡಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಸೆರಗು ಸಿಕ್ಕಿಸಿಕೊಂಡು ಯಜಮಾನರ ಹತ್ತಿರ ಹೋಗಿ ಹೇಳಿದೆ:

“ಹೊತ್ತಾಯ್ತು, ಹೊರಡೋಣ. ಕೋಳಿ ಮುಚ್ಚಿಲ್ಲ.”

ಅವರು ನನ್ನ ಮುಖ ನೋಡಿದರು. ಏನೂ ಹೇಳದೆ ಚಪ್ಪಲಿ ಹುಡುಕಲು ಎದ್ದರು.